ಅರವತ್ತೊಂದನೆಯ ಪುಟ

ಟಿಕೋಟಾ ಬಸ್ಸು ಹೊರಡುವುದಕ್ಕೆ ಇನ್ನೂ ಕಾಲು ಗಂಟೆ ಇತ್ತು. ಅಷ್ಟರಲ್ಲಿ ಈರಯ್ಯ ತೊಡೆಯ ಮೇಲಿನ ಫೈಲನ್ನು ನಾಲ್ಕು ಸಲ ಬಿಚ್ಚಿ ನಾಲ್ಕು ಸಲ ಕಟ್ಟಿದ. ಬಿಗಿಯಾಯಿತೆಂದು ದಾರ ಸಡಿಲಿಸಿದ, ಸಡಿಲವಾಯಿತೆಂದು ಮತ್ತೆ ಬಿಗಿದ. ಒಳಗಿದ್ದದ್ದು ಮುನ್ನೂರ ನಲವತ್ತು ಶಬ್ದ. ಎಡಗಡೆ ಡಚ್, ಬಲಗಡೆ ಇಂಗ್ಲಿಷ್, ನಡುವೆ ಅವನೇ ಅಡಿಪಟ್ಟಿ ಹಿಡಿದು ಎಳೆದ ಕೆಂಪು ಗೆರೆ. ಕಲ್ಲು ಹಾಸುವ, ಉಸುಕು ಹರವುವ, ದಾರಿ ಕಟ್ಟುವ ಕೆಲಸದ ಶಬ್ದಗಳು. ಎರಡು ವರ್ಷ ಕಣ್ಣು ಕೆಂಪಗೆ ಮಾಡಿಕೊಂಡು ಕೂಡಿಸಿದ ಈ ಗಂಟು ನಾಳೆ ಹುಬ್ಬಳ್ಳಿಯ ಪ್ರೆಸ್ಸಿಗೆ ಹೋಗುವುದಿತ್ತು, ಪುಸ್ತಕವಾಗುವುದಿತ್ತು, ಅದರ ಮೊದಲ ಪುಟದ ಮೇಲೆ ಅವನ ಹೆಸರು ಬರುವುದಿತ್ತು. ಅವನ ಹೆಸರಷ್ಟೇ ಬಂದರೆ ಸರಿ. ಅದರ ಕೆಳಗೆ ಇನ್ನೊಂದು ಹೆಸರು ಬರುವುದೋ ಇಲ್ಲವೋ ಅನ್ನುವುದು ಇವತ್ತು ಟಿಕೋಟಾದಲ್ಲಿ ತೀರ್ಮಾನವಾಗುವುದಿತ್ತು. ಆ ಇನ್ನೊಂದು ಹೆಸರು ನೆನಪಾದಾಗಲೆಲ್ಲ ಎದೆಯ ಕೆಳಗೆ, ಹೊಟ್ಟೆಗಿಂತ ತುಸು ಮೇಲೆ, ಹುಳಿ ಏರಿದಂತೆ ಆಗುತ್ತಿತ್ತು. ಮುಂಜಾನೆ ತಿಂದದ್ದು ರೊಟ್ಟಿ, ಪುಂಡಿಪಲ್ಲೆ. ಪುಂಡಿಯ ಹುಳಿ ಇರಬೇಕು ಅಂದುಕೊಂಡ. ಅಲ್ಲವೆಂದು ಅವನಿಗೇ ಗೊತ್ತಿತ್ತು. ನಲವತ್ತಮೂರು ವರ್ಷದ ಗಂಡಸಿಗೆ ಹೊಟ್ಟೆಯ ಹುಳಿ ಯಾವುದು, ಹೊಟ್ಟೆಕಿಚ್ಚು ಯಾವುದು ಗೊತ್ತಾಗದೆ ಇರುತ್ತದೆಯೇ! ಮಶಾಕಸಾಬನ ಹೆಸರು ಅದು. ಬಬಲೇಶ್ವರದ ಗೌಂಡಿ ಮಶಾಕಸಾಬ, ಕಲ್ಲು-ಗಾರೆಯ ಕೆಲಸದವನು. ಇಂಗ್ಲಿಷಿನ ಒಂದು ಅಕ್ಷರ ಬರದವನು, ಪಗಾರದ ದಿನ ಹೆಬ್ಬೆಟ್ಟು ಒತ್ತುವವನು.

ಬರ ಮುಗಿದ ಮರುವರ್ಷ ಹಾಲೆಂಡಿನಿಂದ ಹೆಂಡ್ರಿಕ್ ಎಂಬ ಇಂಜಿನಿಯರ ಸಾಹೇಬ ಬಂದಿದ್ದ. ವಿಜಾಪುರ ಸೀಮೆಯ ಎರೆಮಣ್ಣಿನ ಮೇಲೆ ಡಾಂಬರು ಯಾಕೆ ನಿಲ್ಲುವುದಿಲ್ಲ ಎಂದು ನೋಡಲು ಬಂದವನು, ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ತೋಳು ಇಳಿಯುವಷ್ಟು ಬಿರಿಯುವ ಆ ನೆಲವನ್ನು ಕಂಡು ನಕ್ಕುಬಿಟ್ಟಿದ್ದ. ನಮ್ಮ ದೇಶದ ನೆಲವೂ ಹೀಗೇ ಹಟಮಾರಿ, ಅಲ್ಲಿ ನಾವು ಉಸುಕಿನ ಮೇಲೆ ಸಣ್ಣ ಸಣ್ಣ ಕಲ್ಲು ಹಾಸುತ್ತೇವೆ, ನೆಲ ಕುಸಿದರೆ ಎತ್ತಿ ಮತ್ತೆ ಹಾಸುತ್ತೇವೆ, ಅಂದಿದ್ದ. ಹೋಗುವಾಗ ಒಂದು ದಪ್ಪ ಡಚ್ ಪುಸ್ತಕ, ಒಂದು ಡಚ್-ಇಂಗ್ಲಿಷ್ ನಿಘಂಟು, ಎರಡನ್ನೂ ರಸ್ತೆ ಆಫೀಸಿನ ಮೇಜಿನ ಮೇಲೆ ಬಿಟ್ಟು ಹೋದ. ಓದುವವರು ಯಾರು? ಆಫೀಸಿನ ದೊಡ್ಡ ಸಾಹೇಬರು ಈರಯ್ಯನ ಕಡೆ ನೋಡಿದರು. ಈರಯ್ಯ ಅಲ್ಲಿ ಟ್ರೇಸರು. ಬೇರೆಯವರು ಬರೆದ ನಕಾಶೆಯ ಮೇಲೆ ತೆಳ್ಳನೆಯ ಹಾಳೆ ಇಟ್ಟು ಗೆರೆಯ ಮೇಲೆ ಗೆರೆ ಎಳೆಯುವ ಕೆಲಸ. ಹದಿನೆಂಟು ವರ್ಷದಲ್ಲಿ ಅವನು ಎಳೆದ ಗೆರೆಗಳು ಸೇತುವೆಯಾಗಿವೆ, ಸಾಲಿಯಾಗಿವೆ, ದವಾಖಾನೆಯಾಗಿವೆ. ಒಂದರ ಮೂಲೆಯಲ್ಲೂ ಅವನ ಸಹಿ ಇಲ್ಲ. ಮೇಲಿನವರ ಸಹಿಯನ್ನೂ ಅವನೇ ಟ್ರೇಸ್ ಮಾಡಿದ್ದುಂಟು. ಹಾಗಾಗಿ ಆ ಡಚ್ ಪುಸ್ತಕ ತನ್ನ ಮೇಜಿಗೆ ಬಂದ ದಿನ ಈರಯ್ಯ ಅದನ್ನು ಅರಿವೆಯಲ್ಲಿ ಸುತ್ತಿಕೊಂಡು ಇಬ್ರಾಹಿಂಪುರದ ಮನೆಗೆ ನಡೆದೇ ಹೋದ, ಟಾಂಗಾದ ಧಡಕಿಗೆ ಹಾಳೆ ಹರಿದಾವೆಂದು. ಹೆಂಡತಿ ನೀಲಾಬಾಯಿ ಏನದು ಅಂತ ಕೇಳಿದರೆ ಆಫೀಸಿನ ಪುಸ್ತಕ ಅಂದ. ಇದು ನನ್ನದು ಅಂತ ಹೇಳಬೇಕೆನಿಸಿತ್ತು.

ಬಸ್ಸು ಹೊರಟಿತು. ಕಿಟಕಿಯ ಗಾಜಿನಲ್ಲಿ ಅವನ ಮುಖ ಅಲುಗಾಡಿತು. ಮೊಣಕೈ ಬ್ಯಾಂಡೇಜು! ಆ ದಿನ ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಎಲ್ಲೆಬೋಖ್‌ಫರ್‌ಬಂಟ್ ಅಂತ ಒಂದು ಶಬ್ದ. ನಿಘಂಟು ನೋಡಿದರೆ ಎಲ್ಲೆಬೋಖ್ ಅಂದರೆ ಮೊಣಕೈ, ಫರ್‌ಬಂಟ್ ಅಂದರೆ ಗಾಯಕ್ಕೆ ಕಟ್ಟುವ ಪಟ್ಟಿ. ಅವನು ಶ್ರದ್ಧೆಯಿಂದ ಇಂಗ್ಲಿಷಿನಲ್ಲಿ ಹಾಗೇ ಬರೆದು, ದಾರಿ ಮಾಡುವಾಗ ಕೂಲಿಯವರ ಮೊಣಕೈ ತರಚಿದರೆ ಕಟ್ಟುವುದು ಎಂದು ಒಂದು ಟಿಪ್ಪಣಿಯನ್ನೂ ಸೇರಿಸಿ ಒಯ್ದು ಕೊಟ್ಟ. ದೊಡ್ಡ ಸಾಹೇಬರು ಓದಿ ಕುರ್ಚಿ ಹಿಂದಕ್ಕೆ ಸರಿಯುವಷ್ಟು ನಕ್ಕರು. ಚಹಾ ತಂದವನಿಗೂ ತೋರಿಸಿ ನಕ್ಕರು. ಆಗ ಯಾವುದೋ ಕೆಲಸದ ಮಾತಿಗೆಂದು ಬಂದು ಬಾಗಿಲ ಬಳಿ ನಿಂತಿದ್ದ ಒಬ್ಬ ಗೌಂಡಿ, ಎಣ್ಣೆಗಪ್ಪು ಮೈಯ, ರುಮಾಲು ಸುತ್ತಿದ ಮನುಷ್ಯ, "ಚಿತ್ರ ಐತೇನ್ರಿ ಅದಕ್ಕ?" ಅಂದ. ಚಿತ್ರ ಇತ್ತು. ಅವನು ಬಗ್ಗಿ ನೋಡಿದ, ತನ್ನ ಬಲಗೈಯನ್ನು ಮಡಚಿ ಮೇಜಿನ ಮೇಲೆ ಇಟ್ಟ. "ಕಲ್ಲ ಹಿಂಗ ಮೊಣಕೈ ಮಡಚಿದಂಗ ಒಂದಕ್ಕೊಂದ ಕೂಡಿಸೂದ ನೋಡ್ರಿ. ಗಾಲಿ ಯಾವ ದಿಕ್ಕಿಗಿ ಎಳದ್ರೂ ಕಲ್ಲ ಸರಿಯಂಗಿಲ್ಲ." ಅಷ್ಟೇ. ದೊಡ್ಡ ಸಾಹೇಬರು ನಗುವುದನ್ನು ನಿಲ್ಲಿಸಿ ಅವನನ್ನು ನೋಡಿದರು. ಈರಯ್ಯನೂ ನೋಡಿದ. ಮನುಷ್ಯನನ್ನು ನೋಡಿದ ಮೊದಲ ಗಳಿಗೆಯಲ್ಲೇ ಅವನನ್ನು ದ್ವೇಷಿಸುವುದು ಸಾಧ್ಯವೆಂದು ಈರಯ್ಯನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ತಾನು ದ್ವೇಷಿಸಿದವನ ಮನೆಗೇ ಪ್ರತಿ ರವಿವಾರ ಹೋಗಬೇಕಾಗಿ ಬಂತಲ್ಲ, ಅದಕ್ಕೆ ಏನನ್ನಬೇಕು! ಬಬಲೇಶ್ವರದ ಬಸ್ಸು ಹತ್ತಿ, ಸಾರವಾಡ ದಾಟಿ, ಮಶಾಕಸಾಬನ ಕಟ್ಟೆಯ ಮೇಲೆ ಕೂತು, ಒಂದೊಂದೇ ಚಿತ್ರ ತೆಗೆದು ತೋರಿಸುವುದು. ಟೊನ್‌ರೊಂಟ್ ಅನ್ನುವುದಕ್ಕೆ ನಿಘಂಟು ಪೀಪಾಯಿ, ದುಂಡಗೆ ಎಂದು ಹೇಳಿ ಕೈತೊಳೆದುಕೊಂಡಿತ್ತು. ಮಶಾಕಸಾಬ ಅಂಗೈಯನ್ನು ತುಸು ಬಾಗಿಸಿ, "ದಾರಿ ನಡುವ ಆಮೀ ಬೆನ್ನಿನಂಗ ಎತ್ತರ ಇರಬೇಕಂತರಿ, ನೀರು ಎರಡೂ ಕಡೆ ಇಳಿಯಾಕ," ಅಂದ. ಈರಯ್ಯ ವಿಜಾಪುರಕ್ಕೆ ಬಂದು, ಇಂಜಿನಿಯರರ ಪುಸ್ತಕ ಹುಡುಕಿ, ಅದರ ಇಂಗ್ಲಿಷ್ ಹೆಸರನ್ನು ತನ್ನ ದುಂಡು ಅಕ್ಷರದಲ್ಲಿ ಬರೆದ. ಇಂಗ್ಲಿಷ್ ನನ್ನದೇ ತಾನೇ? ಹುಡುಕಿದವನು ನಾನು, ಬರೆದವನು ನಾನು, ಕಣ್ಣು ಕಳೆದುಕೊಂಡವನು ನಾನು. ಹಾಗೆಂದು ಎಷ್ಟು ಸಲ ಹೇಳಿಕೊಂಡರೂ ಫೈಲು ಬಿಚ್ಚಿದಾಗ ಪ್ರತಿ ಶಬ್ದದ ಹಿಂದೆಯೂ ಆ ಒರಟು ಕೈ ಕಾಣುತ್ತಿತ್ತು. ಮಶಾಕಸಾಬ ಒಂದು ದಿನವೂ ಬೇಸರ ಮಾಡಲಿಲ್ಲ. ಜಂಗಮರು ಮನೆಗೆ ಬಂದಾರ ಅಂತ ಹೆಂಡತಿ ಮುನೀರಾ ಬೇರೆ ಲೋಟ ಬೆಳಗಿ ಇಟ್ಟು, ಸಕ್ಕರೆ ಹೆಚ್ಚು ಹಾಕಿ ಚಹಾ ಕೊಡುತ್ತಿದ್ದಳು. ಈರಯ್ಯ ಅದನ್ನು ಕುಡಿಯುತ್ತ, ಇವನು ಒಮ್ಮೆಯಾದರೂ ತಪ್ಪು ಹೇಳಲಿ ದೇವರೇ ಅಂತ ಬೇಡಿಕೊಳ್ಳುತ್ತಿದ್ದ. ಹೇಳುತ್ತಿರಲಿಲ್ಲ ಹಾಳಾದವನು.

ಹೀಗಿರುವಾಗ ಹೆಂಡ್ರಿಕನ ಕಾಗದ ಬಂತು. ದೊಡ್ಡ ಸಾಹೇಬರು ತಾವು ಬರೆದ ಪತ್ರದಲ್ಲಿ ಮೊಣಕೈಯ ಕಥೆಯನ್ನು ತಮಾಷೆಗೆಂದು ಬರೆದಿದ್ದರಂತೆ. ಅದಕ್ಕೆ ಹೆಂಡ್ರಿಕ್ ಬರೆದಿದ್ದ: ಅರ್ಥ ಬಿಡಿಸಿದ ಆ ಗೌಂಡಿಯ ಹೆಸರೂ ಪುಸ್ತಕದ ಮೇಲೆ ಇರಬೇಕೆಂದು ನನಗನ್ನಿಸುತ್ತದೆ, ಟಿಕೋಟಾದ ಸಂತೆ ದಾರಿಯಲ್ಲಿ ನಮೂನೆಗೆಂದು ಅವನು ಹಾಸುತ್ತಿರುವ ಕಲ್ಲನ್ನು ಬಂದು ನೋಡಿ ಹೇಳುತ್ತೇನೆ, ಕೆಲಸ ಅವನ ತಲೆಯಿಂದ ಬಂದಿದ್ದರೆ ಎರಡು ಹೆಸರು, ಇಲ್ಲವಾದರೆ ಒಂದು. ಈರಯ್ಯ ಆ ಕಾಗದವನ್ನು ಆಫೀಸಿನ ಸಂಡಾಸಿನಲ್ಲಿ ನಿಂತು ಎರಡು ಸಲ ಓದಿದ. ಹದಿನೆಂಟು ವರ್ಷಕ್ಕೆ ಒಂದು ಹೆಸರು, ಅದರಲ್ಲೂ ಪಾಲು! ಹೊರಗೆ ಯಾರೋ ಬಾಗಿಲು ಬಡಿದು, "ಏನ್ರೀ, ಒಳಗ ಮನಿ ಮಾಡ್ಯೀರೇನು?" ಅಂದರು.

ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಮುದುಕಿ ಎಲೆಯಡಿಕೆಯ ಚೀಲ ಬಿಚ್ಚಿದಳು. "ಯಾವೂರಾತ್ರಿ ಅಯ್ಯಾರ?" ಅಂದಳು, ಹಣೆಯ ವಿಭೂತಿ ನೋಡಿ. ಕಾಖಂಡಕಿ ಅಂದ. ಅವಳ ತಂಗಿಯನ್ನು ಅಲ್ಲಿಗೇ ಕೊಟ್ಟಿದ್ದರಂತೆ. ಅವಳು ಹೇಳುತ್ತ ಹೋದಳು, ಅವನು ತಲೆಯಾಡಿಸುತ್ತ ಹೋದ. ಮನಸ್ಸು ಹನ್ನೊಂದು ದಿನದ ಹಿಂದಿನ ರವಿವಾರಕ್ಕೆ ಜಾರಿತ್ತು. ಆ ರವಿವಾರ ಮಶಾಕಸಾಬನೇ ಇಬ್ರಾಹಿಂಪುರದ ಮನೆಗೆ ಬಂದಿದ್ದ. ಸಂತೆ ದಾರಿಯ ಕೆಲಸ ನಲವತ್ತು ಅಡಿ ಮುಗಿದಿತ್ತು, ಮುಂದೇನು ಮಾಡಬೇಕೆಂದು ಕೇಳಲು ಬಂದಿದ್ದ. ಈರಯ್ಯ ಒಳಗಿಂದ ಪುಸ್ತಕ ತರುವಷ್ಟರಲ್ಲಿ ಅವನು ಪಡಸಾಲೆಯಿಂದ ಅಡಿಗೆಮನೆಯ ಹೊಸ್ತಿಲ ಬಳಿ ಹೋಗಿ ಕುಕ್ಕರಗಾಲಲ್ಲಿ ಕೂತಿದ್ದ. ಅಲ್ಲಿ ನೆಲಕ್ಕೆ ಹಾಸಿದ ಒಂದು ಫರಸಿಕಲ್ಲು ಅಲುಗಾಡುತ್ತಿತ್ತು. ಮೂರು ವರ್ಷದಿಂದ ಅಲುಗಾಡುತ್ತಿತ್ತು. ನೀಲಾಬಾಯಿ ಕೊಡ ಹೊತ್ತು ದಾಟುವಾಗಲೆಲ್ಲ ಅದರ ಮೇಲೆ ಎಡವಿ, ಗಂಡನ ಕಡೆ ನೋಡಿ ಹೋಗುತ್ತಿದ್ದಳು. ಮಶಾಕಸಾಬ ಕಲ್ಲನ್ನು ಎತ್ತಿದ, ಅಡಿಯ ಮಣ್ಣನ್ನು ಬೆರಳಿಂದ ಕೆದರಿದ, ಒಂದು ಹಿಡಿ ಉಸುಕು ಕೇಳಿದ, ಹಾಕಿದ, ಕಲ್ಲಿಟ್ಟು ಮುಷ್ಟಿಯಿಂದ ಗುದ್ದಿದ. "ತುಳೀರಿ ಅವ್ವಾರ," ಅಂದ. ನೀಲಾಬಾಯಿ ತುಳಿದಳು. ಮತ್ತೆ ತುಳಿದಳು. ಸಣ್ಣ ಹುಡುಗಿಯಂತೆ ಎರಡು ಸಲ ಕುಣಿದೇಬಿಟ್ಟಳು. "ನೋಡ್ರಿ, ಕೈಗುಣ ಅಂದ್ರ ಇದು," ಅಂದಳು ಗಂಡನಿಗೆ. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಅವಳು ತನ್ನ ಯಾವ ಕೆಲಸಕ್ಕೂ ಹಾಗೆ ಕುಣಿದದ್ದು ಈರಯ್ಯನಿಗೆ ನೆನಪಾಗಲಿಲ್ಲ.

ಆಮೇಲೆ ಪಡಸಾಲೆಯಲ್ಲಿ ಪುಸ್ತಕ ಬಿಚ್ಚಿದರು. ಅರವತ್ತೊಂದನೆಯ ಪುಟ. ಆ ಪುಟವನ್ನು ಈರಯ್ಯ ಹಿಂದಿನ ದಿನವೇ ಓದಿ ಮುಗಿಸಿದ್ದ. ಓಪ್‌ಸ್ಲೌಟ್‌ಬಂದ್ ಎಂಬ ಶಬ್ದ ಅಲ್ಲಿತ್ತು. ಒಳಗೆ ಹಾಕಿ ಬೀಗ ಜಡಿಯುವ ಪಟ್ಟಿ ಅಂತ ನಿಘಂಟು. ಚಿತ್ರವೂ ಇಲ್ಲದ ಆ ಪುಟದ ಮುಂದೆ ಇಡೀ ಶನಿವಾರ ಕೂತು, ಹಿಂದಿನ ಸಾಲು ಮುಂದಿನ ಸಾಲು ತೂಗಿನೋಡಿ, ಅವನು ತಾನೇ ತಾನಾಗಿ ಅರ್ಥ ಹಿಡಿದಿದ್ದ. ಅಂಚುಗಲ್ಲು! ದಾರಿಯ ಎರಡೂ ಬದಿಗೆ ಉದ್ದನೆಯ ಕಲ್ಲನ್ನು ಮೊದಲು ನೆಟ್ಟು ಹೂಳಬೇಕು, ಆಮೇಲೆ ನಡುವಿನ ಉಸುಕು, ನಡುವಿನ ಕಲ್ಲು. ಇಲ್ಲದಿದ್ದರೆ ಗಾಲಿಯ ಭಾರಕ್ಕೆ ಉಸುಕು ಬದಿಗೆ ಹರಿದುಹೋಗಿ ಕಲ್ಲೆಲ್ಲ ಬಾಯಿಬಿಡುತ್ತವೆ. ಮಶಾಕಸಾಬ ಮಾಡುತ್ತಿದ್ದದ್ದು ಸರಿಯಾಗಿ ಅದರ ಉಲ್ಟಾ. ಅವನೇನು, ಈ ಸೀಮೆಯ ಗೌಂಡಿಗಳೆಲ್ಲ ಮನೆಯೊಳಗೆ ಫರಸಿ ಹಾಸಿ ಕಲಿತವರು. ನಡುವಿನಿಂದ ಹಾಸುತ್ತ ಹೋಗಿ ಗೋಡೆ ಬಂದಲ್ಲಿ ನಿಲ್ಲಿಸುತ್ತಾರೆ. ಗೋಡೆ ಹಿಡಿದುಕೊಳ್ಳುತ್ತದೆ. ದಾರಿಗೆ ಗೋಡೆ ಎಲ್ಲಿದೆ? ಅದು ಯಾರ ತಲೆಗೂ ಹೊಳೆದಿರಲಿಲ್ಲ, ಈರಯ್ಯನಿಗೆ ಬಿಟ್ಟು. ಮುನ್ನೂರ ನಲವತ್ತರಲ್ಲಿ ಆ ಒರಟು ಕೈ ಮುಟ್ಟದ, ಪೂರ್ತಿ ತನ್ನದೇ ಆದ ಒಂದೇ ಒಂದು ಶಬ್ದ ಅದು. "ಈ ಹಾಳ್ಯಾಗ ಏನೈತ್ರಿ ಅಯ್ಯಾರ?" ಅಂದ ಮಶಾಕಸಾಬ. ಒಳಗೆ ನೀಲಾಬಾಯಿ ಆ ಕಲ್ಲಿನ ಮೇಲೆ ಸುಮ್ಮನೆ ಓಡಾಡುತ್ತಿದ್ದಳು. ಈರಯ್ಯ ಪುಸ್ತಕ ಮುಚ್ಚಿದ. "ಬರೇ ಲೆಕ್ಕ ಐತಿ. ನಿನ್ನ ಕೆಲಸದ್ದು ಏನೂ ಇಲ್ಲ. ಹೆಂಗ ನಡಸೀದಿ ಹಂಗ ನಡಸು," ಅಂದ. ಮಶಾಕಸಾಬ ಒಂದು ಗಳಿಗೆ ಅವನ ಮುಖ ನೋಡಿದ. ಚಹಾದ ಕಪ್ಪು ಕೆಳಗಿಟ್ಟು, "ಆತ್ ಬಿಡ್ರಿ," ಅಂದು ಎದ್ದುಹೋದ.

ಅವತ್ತಿನಿಂದ ಈರಯ್ಯನಿಗೆ ಊಟ ಸೇರಿಲ್ಲ. ಹೇಳಿಬಿಡೋಣ ಅಂತ ಎರಡು ಸಲ ಬಬಲೇಶ್ವರದ ಬಸ್ಸಿನವರೆಗೆ ಹೋಗಿ ತಿರುಗಿ ಬಂದಿದ್ದ. ನಾಲ್ಕು ದಿನ ತಡವಾದ ಮೇಲೆ ಹೇಳಿದರೆ ಮೊದಲೇ ಯಾಕೆ ಹೇಳಲಿಲ್ಲ ಅನ್ನುತ್ತಾನೆ. ಎಂಟು ದಿನವಾದ ಮೇಲೆ ಹೇಳುವುದರಲ್ಲಿ ಅರ್ಥವಿಲ್ಲ. ಹೀಗೆ ದಿನಗಳೇ ಅವನ ಪರವಾಗಿ ತೀರ್ಮಾನ ಮಾಡಿಬಿಟ್ಟವು ಅಂತ ತನಗೆ ತಾನೇ ನಂಬಿಸಿಕೊಂಡಿದ್ದ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಬಸ್ಸು ಟಿಕೋಟಾ ಮುಟ್ಟಿದಾಗ ಕಂಡಕ್ಟರ್ ಸುಮ್ಮನೆ "ಇಳೀರಿ" ಅಂದದ್ದಕ್ಕೂ ಅವನು ಬೆಚ್ಚಿಬಿದ್ದ.

ಸಂತೆ ದಾರಿಯ ಬಳಿ ಜೀಪು ಆಗಲೇ ನಿಂತಿತ್ತು. ಹನ್ನೊಂದಕ್ಕೆ ಬರುವುದೆಂದು ಹೇಳಿದ್ದ ಹೆಂಡ್ರಿಕ್ ಸಾಹೇಬ ಒಂಬತ್ತಕ್ಕೇ ಬಂದಿದ್ದನಂತೆ. ಅರ್ಧ ಚಡ್ಡಿ ಹಾಕಿದ, ಕತ್ತು ಕೆಂಪಾದ ಆ ದೊಡ್ಡ ಮನುಷ್ಯ ಉಸುಕಿನಲ್ಲಿ ಮಂಡಿಯೂರಿ ಕೂತಿದ್ದ. ಅವನ ಎದುರಿಗೆ ಮಶಾಕಸಾಬ. ನಡುವೆ ಒಂದು ಕಪ್ಪು ಕಲ್ಲು. ಸಾಹೇಬ ಸುತ್ತಿಗೆಯ ಹಿಡಿಯಿಂದ ಅದರ ಮೂಲೆಗೆ ಟಕ್ಕೆಂದು ಬಡಿದು ಕಿವಿಗೊಟ್ಟ. ಮಶಾಕಸಾಬ ತಲೆಯಾಡಿಸಿ, ಇಲ್ಲಿ ಅಂತ ಬೆರಳಿಟ್ಟು, ಇನ್ನೊಂದು ಮೂಲೆಗೆ ಬಡಿದ. ಇಬ್ಬರೂ ಕಿವಿಗೊಟ್ಟರು. ಇಬ್ಬರೂ ಒಟ್ಟಿಗೆ ನಕ್ಕರು. ಸಾಹೇಬ ತನ್ನ ಭಾಷೆಯಲ್ಲಿ ಏನೋ ಅಂದ, ಮಶಾಕಸಾಬ ಕನ್ನಡದಲ್ಲಿ "ಹೌದ್ ಹೌದ್ರಿ, ಕೆಳಗ ಟೊಳ್ಳ ಐತಿ," ಅಂದ. ಫೈಲು ಎದೆಗೊತ್ತಿಕೊಂಡು ಈರಯ್ಯ ಹತ್ತು ಮಾರು ದೂರದಲ್ಲಿ ನಿಂತುಬಿಟ್ಟ. ಎರಡು ವರ್ಷ ಅವನು ಈ ದಿನವನ್ನು ಮನಸ್ಸಿನಲ್ಲಿ ಕಟ್ಟಿದ್ದ: ಒಂದು ಕಡೆ ಸಾಹೇಬ, ಒಂದು ಕಡೆ ಕೆಲಸದವರು, ನಡುವೆ ತಾನು, ತಾನು ಬಾಯಿಬಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಇಲ್ಲಿ ನೋಡಿದರೆ ನಡುವೆ ನಿಲ್ಲಲು ಜಾಗವೇ ಇರಲಿಲ್ಲ.

ಉಸುಕಿನ ಬುಟ್ಟಿ ಹೊತ್ತು ಬಂದ ಶಂಕ್ರೆವ್ವ ಅವನನ್ನು ನೋಡಿ ನಿಂತಳು. "ಶರಣ್ರಿ ಅಯ್ಯಾರ. ಯವ್ವಾ, ಆ ಕೆಂಪ ಸಾಹೇಬಗ ನಮ್ಮ ಮಶಾಕಣ್ಣಗ ಏನ್ ಮಾತಂತೀರಿ! ಇವನ ಭಾಷಾ ಅವಗ ತಿಳಿಯಂಗಿಲ್ಲ, ಅವನ ಭಾಷಾ ಇವಗ ತಿಳಿಯಂಗಿಲ್ಲ, ಮುಂಜಾನಿಂದ ಮಾತೇ ಮಾತು."

"ಏನ್ ಮಾತಾಡಾಕತ್ತಾರ?" ಅಂದ ಈರಯ್ಯ.

"ನನಗೇನ್ ಗೊತ್ತರಿ. ಕಲ್ಲ ತೋರಸ್ತಾರ, ನಗ್ತಾರ. ಇನ್ನ ನಿಮ್ಮ ಕೆಲಸ ಇಲ್ ಬಿಡ್ರಿ, ಮನಿಗಿ ಹೋಗಿ ಉಂಡ ಮಲಕೋರ್ರಿ," ಅಂತ ನಗುತ್ತ ಹೋದಳು ಮಾರಾಯ್ತಿ. ಅವಳು ಕುಚೇಷ್ಟೆಗೆ ಅಂದದ್ದು. ಅವನಿಗೆ ಅದು ನೆತ್ತಿಗೇರಿತು.

ಮಶಾಕಸಾಬ ಅವನನ್ನು ಕಂಡವನೇ ಎದ್ದು, ಕೈಯ ಉಸುಕು ಝಾಡಿಸಿ, "ಬರ್ರಿ ಅಯ್ಯಾರ, ನಿಮ್ಮ ದಾರೀನ ನೋಡಾಕತ್ತಿದ್ನಿ," ಅಂದ. ಸಾಹೇಬ ಒಂದು ಬೆರಳೆತ್ತಿ ಇಂಗ್ಲಿಷಿನಲ್ಲಿ, ಓ, ಶಬ್ದಗಳ ಮನುಷ್ಯ ಬಂದನೇ, ಅಂದ. ಈರಯ್ಯ ನಕ್ಕ. ನಗುತ್ತಲೇ ಅವನ ಕಣ್ಣು ದಾರಿಯ ಅಂಚಿಗೆ ಹೋಯಿತು. ಈ ಬದಿ ನೋಡಿದ, ಆ ಬದಿ ನೋಡಿದ. ಕಡೆಯ ಸಾಲಿನ ಕಲ್ಲು, ಅದರಾಚೆ ಬರೀ ಮಣ್ಣು. ಅಂಚುಗಲ್ಲಿನ ಸುಳಿವಿಲ್ಲ. ಅವನ ಎದೆ ಒಮ್ಮೆ ಹಗುರಾಯಿತು, ಮರುಗಳಿಗೆಗೆ ಆ ಹಗುರಿಗೇ ನಾಚಿಕೆಯಾಯಿತು, ನಾಚಿಕೆಯಾದರೂ ಹಗುರು ಹೋಗಲಿಲ್ಲ. ಸಾಹೇಬ ಕೈ ಬೀಸಿದ. ದೂರದಲ್ಲಿ ಕಲ್ಲು ಹೇರಿ ನಿಲ್ಲಿಸಿದ್ದ ಚಕ್ಕಡಿಯೊಂದು ಹೊರಟಿತು. ಅದರ ಒಂದು ಗಾಲಿ ಕಡೆಯ ಸಾಲಿನ ಮೇಲೆಯೇ ಉರುಳಬೇಕೆಂದು ಸಾಹೇಬ ಕೋಲಿನಿಂದ ಗೆರೆ ಹಾಕಿ ತೋರಿಸಿದ್ದ.

ಕಬ್ಬಿಣದ ಹಳಿಯ ಗಾಲಿ ಕಲ್ಲಿನ ಮೇಲೆ ಹತ್ತಿದ ಸದ್ದು ಈರಯ್ಯನ ಹಲ್ಲಿಗೆ ತಾಗಿತು. ಈಗಲೂ ಹೊತ್ತು ಮೀರಿರಲಿಲ್ಲ. ನಿಲ್ಲಿಸ್ರೋ ಅಂತ ಒಂದು ಕೂಗು ಹಾಕಿದ್ದರೆ ಸಾಕಿತ್ತು. ಸಾಹೇಬರೇ, ತಪ್ಪು ನನ್ನದು, ಪುಟ ಓದಿಯೂ ಹೇಳಲಿಲ್ಲ, ಅಂದಿದ್ದರೆ ಸಾಕಿತ್ತು. ಫೈಲನ್ನು ಎದೆಗೆ ಇನ್ನಷ್ಟು ಒತ್ತಿಕೊಂಡ. ಕಲ್ಲು ಬಾಯಿಬಿಟ್ಟರೆ ಮಶಾಕಸಾಬನ ಹೆಸರು ಹೋಯಿತು. ಹೆಸರಷ್ಟೇ ಅಲ್ಲ, ಕೆಲಸವೂ ಹೋಯಿತು, ಈ ಶಂಕ್ರೆವ್ವನಂಥ ಹನ್ನೆರಡು ಮಂದಿಯ ಬುಟ್ಟಿಯೂ ಹೋಯಿತು. ಅದೆಲ್ಲ ಗೊತ್ತಿದ್ದೂ, ಕೊರಳಲ್ಲಿ ಲಿಂಗ ಕಟ್ಟಿಕೊಂಡವನು, ಊರ ಮಂದಿ ಕಾಲಿಗೆ ಬೀಳುವ ಜಂಗಮರ ಮಗ, ಕಲ್ಲು ಬಾಯಿಬಿಡಲಿ ಅಂತ ಒಳಗೊಳಗೇ ಬೇಡಿಕೊಂಡ. ಬಿಡಲಿ, ಒಂದೇ ಒಂದು ಬಿಡಲಿ. ಗಾಲಿ ಹತ್ತಡಿ ಬಂತು. ಇಪ್ಪತ್ತಡಿ. ಎತ್ತುಗಳ ಬಾಯಿಯ ನೊರೆ ಕಲ್ಲಿನ ಮೇಲೆ ಬಿತ್ತು. ನಲವತ್ತಡಿಯೂ ದಾಟಿ ಚಕ್ಕಡಿ ಆಚೆ ಮಣ್ಣಿಗಿಳಿದು ಅಲ್ಲಿ ಗೇಣುದ್ದ ಹೂತು ನಿಂತಿತು. ಹಿಂದೆ ಕಲ್ಲಿನ ಸಾಲು ಹೇಗಿತ್ತೋ ಹಾಗೇ ಇತ್ತು.

ಸಾಹೇಬ ಅಂಚಿಗೆ ಹೋಗಿ ಕೂತ, ಎರಡೂ ಕೈಯಿಂದ ನಾಯಿ ಕೆದರಿದ ಹಾಗೆ ಮಣ್ಣು ಕೆದರಿದ. ನಾಲ್ಕು ಬೆರಳಿನ ಆಳದಲ್ಲಿ ಕಲ್ಲು ಸಿಕ್ಕಿತು. ಉದ್ದನೆಯ ಕಲ್ಲು, ನಿಲ್ಲಿಸಿ ನೆಟ್ಟದ್ದು, ಪೂರ್ತಿ ನೆಲದೊಳಗೆ ಹೂತದ್ದು. ಪಕ್ಕಕ್ಕೆ ಕೆದರಿದ. ಇನ್ನೊಂದು. ಅದರ ಪಕ್ಕಕ್ಕೆ ಮತ್ತೊಂದು. "ಓಪ್‌ಸ್ಲೌಟ್‌ಬಂದ್!" ಅಂತ ಕೂಗಿದ ಸಾಹೇಬ. ಈರಯ್ಯನ ಶಬ್ದ ಅದು, ಈರಯ್ಯನೊಬ್ಬನ ಶಬ್ದ, ಸಂತೆ ದಾರಿಯ ಮೇಲೆ ಎಲ್ಲರೆದುರಿಗೆ ಇನ್ನೊಬ್ಬನ ಕೆಲಸದ ಹೆಸರಾಗಿ ಕೇಳಿಸಿತು. ಇಷ್ಟು ಮಾಡಿಯೂ ಇವನನ್ನು ಮುಟ್ಟಲಾಗಲಿಲ್ಲವಲ್ಲ! ಬೀಗ ಹಾಕಿಟ್ಟದ್ದನ್ನೂ ಇವನು ಕೈಯಿಂದಲೇ ತೆಗೆದುಬಿಟ್ಟನಲ್ಲ! ಅಳು ಬರುವಂತಾಯಿತು ಅವನಿಗೆ, ಸಿಟ್ಟಿನ ಅಳು.

ಸಾಹೇಬ ಎದ್ದು ನಿಂತ. ಮೊದಲ ಸಲ ಅವನಿಗೆ ಈರಯ್ಯ ಬೇಕಾದ. ಕೇಳು ಇವನನ್ನು, ಅಂದ ಇಂಗ್ಲಿಷಿನಲ್ಲಿ. ಈ ಸೀಮೆಯ ಯಾರೂ ಹೀಗೆ ಕಟ್ಟುವುದಿಲ್ಲ, ನಾನು ಹತ್ತು ಊರು ನೋಡಿದ್ದೇನೆ. ಇದು ಇವನ ತಲೆಗೆ ತಾನೇ ಹೊಳೆಯಿತೋ, ಯಾರಾದರೂ ಹೇಳಿದರೋ?

ಈರಯ್ಯ ಕೇಳಿದ. ತನ್ನ ದನಿ ತನಗೇ ದೂರದಿಂದ ಬಂದಂತೆ ಕೇಳಿಸಿತು. "ಮಶಾಕಸಾಬ, ಸಾಹೇಬರು ಕೇಳಾಕತ್ತಾರ. ಈ ಅಂಚಿಗಿ ಕಲ್ಲ ಹುಗಿಯೂ ವಿಚಾರ ನಿನ್ನದೋ, ಯಾರರೆ ಹೇಳಿದ್ರೋ?"

ಮಶಾಕಸಾಬ ರುಮಾಲಿನ ತುದಿಯಿಂದ ಮುಖ ಒರೆಸಿಕೊಂಡ. "ನನ್ನದೆಲ್ಲೀದರಿ! ನನಗೆಲ್ಲಿ ಅಷ್ಟ ಬುದ್ಧಿ? ಅಯ್ಯಾರ ಪುಸ್ತಕ ಓದಿ ತಿಳಿಸಿದ್ರು, ಅದಕ್ಕ ಮಾಡೇನಿ. ಹಂಗ ಹೇಳ್ರಿ ಸಾಹೇಬರಿಗಿ."

ಅಣಕಿಸುತ್ತಿದ್ದಾನೆಯೇ ಎಂದು ಈರಯ್ಯ ಅವನ ಮುಖ ನೋಡಿದ. ಇಲ್ಲ. ಸಾಹೇಬ ಕಾಯುತ್ತಿದ್ದ. ಎರಡು ವರ್ಷದಲ್ಲಿ ಈರಯ್ಯ ಒಂದು ಶಬ್ದವನ್ನೂ ತಿರುಚಿದವನಲ್ಲ. ಇದ್ದದ್ದನ್ನು ಇದ್ದ ಹಾಗೆ ಆಚೆ ದಾಟಿಸುವುದೇ ತನ್ನ ಧರ್ಮವೆಂದು ಆಫೀಸಿನಲ್ಲಿ ಎದೆತಟ್ಟಿ ಹೇಳಿಕೊಂಡವನು. ಈಗ ನಿಜ ಹೇಳಬೇಕೆಂದರೆ ಮಶಾಕಸಾಬನ ಮಾತನ್ನು ಸುಳ್ಳಾಗಿ ದಾಟಿಸಬೇಕು. ಮಾತನ್ನು ಸರಿಯಾಗಿ ದಾಟಿಸಿದರೆ ನಿಜ ಇಲ್ಲೇ ಸಾಯುತ್ತದೆ. ಬಿಸಿ ತುಪ್ಪ ಬಾಯಲ್ಲಿತ್ತು. ಯಾರೂ ತಪ್ಪು ಹಿಡಿಯುವಂತಿಲ್ಲ, ಅವನು ಹೇಳಿದ್ದನ್ನೇ ನಾನು ಹೇಳುತ್ತಿದ್ದೇನೆ, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. "ಇದು ತನ್ನ ವಿಚಾರವಲ್ಲವಂತೆ," ಅಂದ ಅವನು ಇಂಗ್ಲಿಷಿನಲ್ಲಿ, ನಿಧಾನವಾಗಿ, ವ್ಯಾಕರಣ ತಪ್ಪದೆ. "ನಾನು ಪುಸ್ತಕ ಓದಿ ಹೇಳಿದೆನಂತೆ. ಅದಕ್ಕೇ ಮಾಡಿದನಂತೆ."

ಸಾಹೇಬನ ಮುಖದಲ್ಲಿ ಒಂದು ಸಣ್ಣ ನಿರಾಸೆ ಬಂದು ಹೋಯಿತು. ಆಮೇಲೆ ಈರಯ್ಯನ ಕೈ ಹಿಡಿದು ಜೋರಾಗಿ ಕುಲುಕಿದ. ಜೀಪಿನ ಹತ್ತಿರ ಹೋಗಿ ಚೀಲದಿಂದ ಒಂದು ಹಾಳೆ ತೆಗೆದ. ಪುಸ್ತಕದ ಮೊದಲ ಪುಟವನ್ನು ದೊಡ್ಡ ಸಾಹೇಬರು ಟೈಪು ಮಾಡಿಸಿ ಅವನಿಗೆ ಕೊಟ್ಟಿದ್ದರು. ಅದರಲ್ಲಿ ಎರಡು ಹೆಸರಿದ್ದವು, ಒಂದರ ಕೆಳಗೊಂದು. ಸಾಹೇಬ ಹಾಳೆಯನ್ನು ಜೀಪಿನ ಬಾನೆಟ್ಟಿನ ಮೇಲಿಟ್ಟು ಎರಡನೆಯ ಹೆಸರಿನ ಮೇಲೆ ಪೆನ್ನಿನಿಂದ ಒಂದು ಗೆರೆ ಎಳೆದ, ಅದು ಸಾಲದೆಂದು ಇನ್ನೊಂದು ಎಳೆದ. ನಾಳೆ ಪ್ರೆಸ್ಸಿಗೆ ಕಳಿಸು, ಅಂತ ಹಾಳೆಯನ್ನು ಈರಯ್ಯನ ಕೈಗೆ ಕೊಟ್ಟು, ಕೈಕಾಲು ತೊಳೆಯಲು ನೀರಿನ ಡ್ರಮ್ಮಿನ ಕಡೆ ಹೋದ.

ಮಶಾಕಸಾಬ ಬೇವಿನ ಗಿಡದ ನೆರಳಿಗೆ ಬಂದು ಬೀಡಿ ಹಚ್ಚಿದ. ಜಂಗಮರ ಎದುರಿಗೆಂದು ಅದನ್ನು ಅಂಗೈಯಲ್ಲಿ ಮರೆಮಾಡಿಕೊಂಡ. ಈರಯ್ಯನಿಗೆ ಸುಮ್ಮನಿರಲಾಗಲಿಲ್ಲ. "ನಾ ನಿನಗ ಯಾವಾಗ ಹೇಳೇನಿ?" ಅಂದ. ದನಿ ಜಗಳದ ದನಿಯಾಗಿತ್ತು.

"ಬಾಯಿಲೆ ಹೇಳಿಲ್ ಬಿಡ್ರಿ," ಅಂದ ಮಶಾಕಸಾಬ. "ಆವತ್ತ ನಿಮ್ಮ ಮನ್ಯಾಗ ನೀವು ಗಪ್ಪನ ಪುಸ್ತಕ ಮುಚ್ಚಿದ್ರಿ ನೋಡ್ರಿ, ನಿಮ್ಮ ಮುಖ ಹೆಂಗೋ ಆಗಿತ್ತು. ನನಗ ಎದಿ ಧಸಕ್ಕಂತು. ಲೇ ಮಶಾಕ, ನೀ ಕೆಲಸದಾಗ ಏನೋ ತಪ್ಪ ಮಾಡೀದಿ, ಪುಸ್ತಕದಾಗ ಅದನ್ನ ಬರದಾರ, ಮನಿಗಿ ಬಂದಾವನ ಮುಂದ ಹೆಂಗ ಹೇಳೂದಂತ ಅಯ್ಯಾರು ಮುಲಾಜಿಗಿ ಬಿದ್ದಾರ, ಅಂತ ತಿಳಕೊಂಡ್ನಿ. ನಿಮ್ಮಂಥಾ ದೊಡ್ಡ ಮನಸ್ಸು ಯಾರಿಗಿ ಬರ್ತೈತ್ರಿ? ಬ್ಯಾರೇದವ್ರ ಆಗಿದ್ರ ನಾಕ ಮಂದ್ಯಾಗ ಉಗುಳತಿದ್ರು. ಮೂರ ದಿನ ಇಲ್ಲಿ ಕುಂತ ನನ್ನ ತಪ್ಪ ಹುಡುಕೇನಿ. ಮೂರನೇ ದಿನ ಮಳಿ ಬಂತು, ಅಂಚಿನಾಗ ಉಸುಕು ಹರದ ಹೋತು. ಆವಾಗ ತಿಳೀತು, ಇಲ್ಲಿ ಗ್ವಾಡಿ ಇಲ್ಲಲ್ಲ ಅಂತ. ಎಲ್ಲಾ ಕಿತ್ತಿ ಮತ್ತ ಮಾಡೇವಿ. ನೀವು ಆವತ್ತ ಸುಮ್ಮನಿರದಿದ್ರ ನನಗೆಲ್ಲಿ ತಿಳೀತಿತ್ತು?"

ಈರಯ್ಯ ಅವನ ಕೈಗಳನ್ನೇ ನೋಡಿದ. ಇವನಿಗೆ ಕೈ ಇತ್ತು, ಕಣ್ಣಿತ್ತು, ನೀಲಾಬಾಯಿಯನ್ನು ಕುಣಿಸುವ ಗುಣ ಇತ್ತು. ಅದನ್ನೆಲ್ಲ ಕಂಡು ಹೊಟ್ಟೆ ಉರಿದಿತ್ತು. ಈಗ ಅವೆಲ್ಲ ಸಣ್ಣವಾಗಿ ಕಂಡವು. ಇನ್ನೊಬ್ಬರ ಮುಖದಲ್ಲಿ ಇಷ್ಟು ಒಳ್ಳೆಯದನ್ನು ಕಾಣುವುದು ಹೇಗೆ ಸಾಧ್ಯ? ಒಂದು ದಿನವಾದರೂ, ಒಂದು ಗಳಿಗೆಯಾದರೂ ಹೀಗೆ ಬದುಕುವುದು ತನಗೆ ಯಾಕೆ ಬರಲಿಲ್ಲ? ಇದರ ಉರಿ ಉಳಿದೆಲ್ಲ ಉರಿಗಿಂತ ಹೆಚ್ಚಾಗಿತ್ತು. ನೀರಿನ ಡ್ರಮ್ಮಿನ ಬಳಿ ಸಾಹೇಬ ಮುಖಕ್ಕೆ ನೀರೆರಚಿಕೊಳ್ಳುತ್ತಿದ್ದ. ಇಪ್ಪತ್ತು ಹೆಜ್ಜೆ. ಹೋಗಿ ಹೇಳಿದರೆ ಇನ್ನೂ ಆಗುತ್ತದೆ.

"ಅದೇನ್ರಿ ಕೈಯಾಗ? ಪುಸ್ತಕದ್ದೇನು?" ಅಂದ ಮಶಾಕಸಾಬ. ಬೀಡಿ ನೆಲಕ್ಕೆ ಹೊಸಕಿ, ಕೈಯನ್ನು ಧೋತರಕ್ಕೆ ಎರಡು ಸಲ ಒರೆಸಿಕೊಂಡು ಹತ್ತಿರ ಬಂದು ಬಗ್ಗಿದ. "ನಿಮ್ಮ ಹೆಸರ ಯಾವುದ್ರಿ? ತೋರಸ್ರಿ ನೋಡೂನು."

ಈರಯ್ಯ ಬೆರಳಿಟ್ಟು ತೋರಿಸಿದ.

"ಅಬ್ಬಾ! ಅಚ್ಚಿನಾಗ ಬಂದೈತಿ ನೋಡ್ರಿ," ಅಂದ ಮಶಾಕಸಾಬ. ಮುಖ ತುಂಬ ಖುಷಿ, ತನ್ನ ಮಗನ ಹೆಸರೇ ಬಂದಷ್ಟು. ಆಮೇಲೆ ಅವನ ಬೆರಳು ತುಸು ಕೆಳಗಿಳಿಯಿತು. ಎರಡು ಗೆರೆ ಎಳೆದ ಸಾಲಿನ ಮೇಲೆ, ಮಸಿ ಹತ್ತೀತೆಂದು ಮುಟ್ಟದೆ, ನಿಂತಿತು. "ಇದೇನ್ರಿ ಇಲ್ಲಿ ಹೊಡದ ಹಾಕ್ಯಾರಲ್ಲ?"

"ಟೈಪಿನಾಗ ತಪ್ಪಾಗಿತ್ತು," ಅಂದ ಈರಯ್ಯ.

"ಚಲೋ ಆತ್ ಬಿಡ್ರಿ," ಅಂದ ಮಶಾಕಸಾಬ. "ನಿಮ್ಮ ಪುಸ್ತಕದಾಗ ತಪ್ಪ ಇರಬಾರ್ದು."